ವೈಕಿಕಿಯ ಆಲದ ಮರ ಮತ್ತು ಒಂದು ಹಳೇ ಹೋಟೆಲು

"ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳಬೇಕಾ?" ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವಾಗಲೆಲ್ಲ ಯಾರಾದರೊಬ್ಬರು ಈ ಮಾತು ಹೇಳೇ ಹೇಳುತ್ತಾರೆ. ಆದರೆ ಇಲ್ಲೊಂದು ಹೋಟೆಲಿದೆ. ನಿಜವಾಗಿಯೂ ಒಂದು ಆಲದ ಮರವನ್ನು ಅಂಗಳದಲ್ಲಿಟ್ಟುಕೊಂಡು ನೂರಿಪ್ಪತ್ತು ವರ್ಷ ದಾಟಿದೆ! ಹವಾಯಿಯ ಹೊನೊಲುಲು ನಗರದ ವೈಕಿಕಿ ಕಡಲತೀರದಲ್ಲಿರುವ ಇದರ ಹೆಸರು ಮೋಆನಾ. ಅಲ್ಲಿನ ಭಾಷೆಯಲ್ಲಿ ಹಾಗಂದರೆ ಕಡಲು.

ವಾಲ್ಟರ್ ಚೇಂಬರ್ಲೇನ್ ಪೀಕಾಕ್ ಎಂಬ ಸಿರಿವಂತ ಇದನ್ನು ಕಟ್ಟಿಸಿದ. ವಾಸ್ತುಶಿಲ್ಪಿ ಆಲಿವರ್ ಟ್ರಾಫಗನ್. ಬಾಗಿಲು ತೆರೆದದ್ದು 1901ರ ಮಾರ್ಚ್ 11ರಂದು. ಬಿಳಿ ಬಣ್ಣದ ಮರದ ಕಟ್ಟಡ, ಕಡಲಿನ ಕಡೆ ಉದ್ದನೆಯ ಜಗಲಿ, ಒಟ್ಟು 75 ಕೋಣೆ. ಇವತ್ತಿನ ಲೆಕ್ಕದಲ್ಲಿ ಪುಟ್ಟ ಹೋಟೆಲೇ. ಆದರೆ ಆ ಕಾಲಕ್ಕೇ ಕೋಣೆಗೊಂದು ಬಚ್ಚಲುಮನೆ, ಒಂದು ಟೆಲಿಫೋನು, ಜೊತೆಗೆ ವಿದ್ಯುತ್ ಲಿಫ್ಟು ಬೇರೆ!

ಹೋಟೆಲು ಹುಟ್ಟಿದ ಕಾಲ ಮಾತ್ರ ಅಷ್ಟು ಚೆಂದದ್ದಲ್ಲ. 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಪಟ್ಟದಿಂದ ಇಳಿಸಿದ್ದರು. 1898ರಲ್ಲಿ ಹವಾಯಿ ಅಮೆರಿಕದ ಪಾಲಾಯಿತು. ಆಗಿನ ವೈಕಿಕಿ ಅಂದರೆ ಜೌಗು ನೆಲ. ಕೆಸುವಿನ ಗದ್ದೆ, ಭತ್ತದ ಗದ್ದೆ, ಮೀನಿನ ಕೊಳಗಳು. ಹೌದು, ನಾವು ಪತ್ರೊಡೆ ಮಾಡುತ್ತೇವಲ್ಲ, ಅದೇ ಕೆಸು. ಅವರಿಗೆ ಅದರ ಗೆಡ್ಡೆಯೇ ಅನ್ನವಾಗಿತ್ತು.

1904ರಲ್ಲಿ ಕೃಷಿ ಸಂಶೋಧನಾ ಕೇಂದ್ರದ ಜಾರೆಡ್ ಸ್ಮಿತ್ ಎಂಬಾತ ಹೋಟೆಲಿನ ಅಂಗಳದಲ್ಲಿ ಸುಮಾರು ಏಳಡಿಯ ಆಲದ ಸಸಿ ನೆಟ್ಟ. ನಮ್ಮ ದೇಶದ ಜಾತಿಯ ಆಲ! ಮರುವರ್ಷ ಫೆಬ್ರವರಿ 28ರಂದು ಇದೇ ಹೋಟೆಲಿನ ಕೋಣೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಹಸ್ಥಾಪಕಿ ಜೇನ್ ಸ್ಟ್ಯಾನ್‌ಫರ್ಡ್ ತೀರಿಕೊಂಡರು. ವಿಷಪ್ರಾಶನ ಎಂದು ಅಲ್ಲಿನ ವಿಚಾರಣೆ ಹೇಳಿತು. ಹಾಕಿದವರು ಯಾರೆಂಬುದು ಕೋರ್ಟಿನಲ್ಲಿ ಎಂದೂ ಸಾಬೀತಾಗಲಿಲ್ಲ.

1918ರಲ್ಲಿ ಎರಡು ಬದಿಗೂ ಕಾಂಕ್ರೀಟಿನ ರೆಕ್ಕೆಗಳು ಬಂದವು. ಮರ ನಡುವಿನ ಅಂಗಳದಲ್ಲಿ ಉಳಿಯಿತು. 1920ರ ದಶಕದಲ್ಲಿ ಅಲಾ ವಾಯ್ ಕಾಲುವೆ ತೋಡಿ ಜೌಗನ್ನು ಬತ್ತಿಸಿದರು. ಕೆಸುವಿನ ಗದ್ದೆಗಳು ಸೈಟುಗಳಾದವು. (ನಮ್ಮ ಬೆಂಗಳೂರಿನ ಕೆರೆಗಳು ನೆನಪಾದವಾ?) ಆಮೇಲೆ 1935ರಲ್ಲಿ ವೆಬ್ಲಿ ಎಡ್ವರ್ಡ್ಸ್ ಎಂಬಾತ ಆ ಅಂಗಳದಿಂದಲೇ 'ಹವಾಯಿ ಕಾಲ್ಸ್' ರೇಡಿಯೋ ಕಾರ್ಯಕ್ರಮ ಶುರುಮಾಡಿದ. ಹಾಡಿನ ಜೊತೆ ಅಲೆಗಳ ಸದ್ದನ್ನೂ ಮೈಕಿನಲ್ಲಿ ಹಿಡಿದು ಕಳಿಸುತ್ತಿದ್ದರು. 1975ರ ತನಕ ಈ ಕಾರ್ಯಕ್ರಮ ನಡೆಯಿತು. ಎಷ್ಟೋ ಜನರಿಗೆ ಹವಾಯಿ ಅಂದರೆ ಆ ಸದ್ದೇ.

ಅಷ್ಟರಲ್ಲಿ 1952ರಲ್ಲಿ ಒಂದು ಬದಿಗೆ, 1969ರಲ್ಲಿ ಇನ್ನೊಂದು ಬದಿಗೆ ಎತ್ತರದ ಹೋಟೆಲುಗಳು ಎದ್ದು ನಿಂತಿದ್ದವು. ಕಾಸಿನ ಲೆಕ್ಕ ಹಾಕಿದರೆ ನಡುವಿನ ಹಳೇ ಮರದ ಕಟ್ಟಡ ಬರೀ ದಂಡ. ಅದನ್ನು ಕೆಡವಿದ್ದರೆ ಕೇಳೋರು ಎಷ್ಟು ಜನ ಇರುತ್ತಿದ್ದರು? ಆದರೆ 1972ರಲ್ಲಿ ಅದು ಅಮೆರಿಕದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. 1989ರ ಹೊತ್ತಿಗೆ ಅದನ್ನು ಮತ್ತೆ ಹಳೇ ರೂಪಕ್ಕೆ ತಂದರು, ಅಕ್ಕಪಕ್ಕದ ಎರಡನ್ನೂ ಸೇರಿಸಿ ಒಂದೇ ಹೋಟೆಲು ಮಾಡಿದರು.

ಈ ಹೋಟೆಲಿನ ಚೆಲುವಿನ ಗುಟ್ಟು ಏನು ಅಂತ ಯೋಚಿಸಿದರೆ ನನಗೆ ಹೊಳೆಯೋದು ಇಷ್ಟೇ. ಅಂಗಳವನ್ನು ಖಾಲಿ ಬಿಟ್ಟರು. ಮರಕ್ಕೆ ಜಾಗ ಕೊಟ್ಟರು. ಆ ಮರ ಈಗ 75 ಅಡಿ ಎತ್ತರ, ಅಗಲ ಅದರ ಎರಡರಷ್ಟು. ಹಾಗಂತ ನೆನಪಿಗೆ ಉಳಿಸಿಕೊಂಡದ್ದು ಹೋಟೆಲನ್ನು ಮಾತ್ರ ಅನ್ನೋದನ್ನೂ ಮರೆಯಬಾರದು. ಕೆಸು ಬೆಳೆದವರ ಗದ್ದೆಗಳಿಗೆ ಯಾವ ಪಟ್ಟಿಯೂ ಆಸರೆಯಾಗಲಿಲ್ಲ.

ಅಪ್ಪ ನೆಟ್ಟ ಮರಕ್ಕೆ ನೇಣು ಹಾಕಿಕೊಳ್ಳೋದು ಬೇಡ, ಸರಿ. ಅದರ ನೆರಳಲ್ಲಿ ಕೂರಬಹುದಲ್ಲವೇ? ಕೂತಾಗ, ಮರ ಬರೋಕೆ ಮುಂಚೆ ಅಲ್ಲಿ ಏನಿತ್ತು ಅಂತಲೂ ಒಮ್ಮೆ ಕೇಳಿಕೊಳ್ಳಬಹುದು. ಏನಂತೀರಿ?