ಕೇಳದೆ ಕಳಿಸಿದ ಮಂಡಳಿಗಳು: ಜಾಫ್ನಾದಿಂದ ದೆಹಲಿಗೆ

ಸಹಕಾರ ಸಂಘವಿರಲಿ, ಪುರಸಭೆಯಿರಲಿ, 'ಬೋರ್ಡ್ ಸೂಪರ್‌ಸೀಡ್ ಆಯ್ತು, ಆಡಳಿತಾಧಿಕಾರಿ ಬಂದ್ರು' ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸುದ್ದಿ ಬರೆಯುವ ನಮಗೂ ಅದು ನಾಲ್ಕು ಸಾಲಿನ ಕೆಲಸ. ಆದೇಶದ ದಿನಾಂಕ, ಆರೋಪ, ಹೊಸ ಅಧಿಕಾರಿಯ ಹೆಸರು, ಮುಗಿಯಿತು. ತೆಗೆದುಹಾಕುವ ಮುನ್ನ ಸದಸ್ಯರನ್ನು ಒಂದು ಮಾತು ಕೇಳಿದ್ದರಾ? ಇದನ್ನು ನಾವು ಬಹಳ ಸಲ ವಿಚಾರಿಸುವುದೇ ಇಲ್ಲ. ಕೋರ್ಟಿಗೆ ಹೋದರೆ ಎಲ್ಲ ನಿಂತಿರುವುದು ಆ ಪ್ರಶ್ನೆಯ ಮೇಲೆ.

ಜಾಫ್ನಾ ಶ್ರೀಲಂಕಾದ ಉತ್ತರ ತುದಿಯ ತಮಿಳರ ಊರು. ದೇಶಕ್ಕೆ ಆಗ ಸಿಲೋನ್ ಎಂದು ಹೆಸರು. 1966ರ ಮೇ 29ರಂದು ಅಲ್ಲಿನ ಸ್ಥಳೀಯ ಆಡಳಿತ ಸಚಿವರು ಜಾಫ್ನಾ ನಗರಸಭೆಯನ್ನು ವಿಸರ್ಜಿಸಿದರು. ಸಭೆಗೆ ಕೆಲಸ ಮಾಡುವ ಯೋಗ್ಯತೆ ಇಲ್ಲ ಎಂಬುದು ಕಾರಣ. ಒಬ್ಬ ಕಮಿಷನರ್ ಬಂದು ನೋಡಿ ವರದಿ ಕೊಟ್ಟಿದ್ದರು. ಆ ವರದಿಯಲ್ಲಿ ಏನಿದೆ, ಅದಕ್ಕೆ ನೀವೇನು ಹೇಳುತ್ತೀರಿ ಎಂದು ನಗರಸಭೆಯನ್ನು ಯಾರೂ ಕೇಳಲಿಲ್ಲ. ಮೇಯರ್ ಆಲ್ಫ್ರೆಡ್ ದುರೈಯಪ್ಪ ಕೋರ್ಟಿಗೆ ಹೋದರು. (ಇದೇ ದುರೈಯಪ್ಪ ಮತ್ತೆ ಮೇಯರ್ ಆಗಿದ್ದಾಗ, 1975ರ ಜುಲೈನಲ್ಲಿ, ಗುಂಡೇಟಿಗೆ ಬಲಿಯಾದರು. ಅದು ಬೇರೆಯೇ ಕಥೆ.)

ಸರ್ಕಾರದ ವಾದ ಒಂದು ಪದದ ಮೇಲೆ ನಿಂತಿತ್ತು. ನಗರಸಭೆ ಅಯೋಗ್ಯ ಎಂದು 'ಸಚಿವರಿಗೆ ತೋರಿದರೆ' ವಿಸರ್ಜಿಸಬಹುದು ಎಂದು ಕಾನೂನು ಹೇಳುತ್ತಿತ್ತು. ಸಚಿವರಿಗೆ ಹಾಗೆ ತೋರಿದೆ, ಇನ್ನು ಕೇಳುವುದೇನು? ಸಿಲೋನಿನ ಸುಪ್ರೀಂ ಕೋರ್ಟ್ 1958ರಲ್ಲೇ, ಕೊಲಂಬೊ ನಗರಸಭೆಯ ಪ್ರಕರಣದಲ್ಲಿ, ಇದನ್ನು ಒಪ್ಪಿತ್ತು. ಈಗಲೂ ಒಪ್ಪಿತು. ಆಗಿನ್ನೂ ಆ ದೇಶದ ಕೊನೆಯ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗುತ್ತಿತ್ತು. ಅಲ್ಲಿ ಮಾತು ತಿರುಗಿತು. ಲಾರ್ಡ್ ಅಪ್‌ಜಾನ್ ಮೂರು ಸಂಗತಿ ನೋಡಿರಿ ಎಂದರು. ತೆಗೆಯಲ್ಪಟ್ಟವರು ಹೊಂದಿದ್ದ ಸ್ಥಾನ ಎಂಥದು, ಸಚಿವರು ಯಾವ ಕಾರಣಕ್ಕೆ ಕೈ ಹಾಕಬಹುದು, ಕೈ ಹಾಕಿದರೆ ಶಿಕ್ಷೆ ಎಷ್ಟು ದೊಡ್ಡದು. ನಗರಸಭೆಗೆ ಆಸ್ತಿಯಿದೆ, ಜನರ ಸೇವೆಯ ಹೊಣೆಯಿದೆ. ಅದನ್ನು ಅಯೋಗ್ಯ ಎಂದು ಕರೆದು ಪೂರ್ತಿ ಇಲ್ಲವಾಗಿಸುವಾಗ ಕೇಳಲೇಬೇಕು ಎಂದರು.

ಆದರೂ ದುರೈಯಪ್ಪ ಸೋತರು! ಆದೇಶ ತಪ್ಪು, ಆದರೆ ಅದನ್ನು ತಪ್ಪೆಂದು ಹೇಳುವ ಹಕ್ಕು ನಗರಸಭೆಗೆ ಮಾತ್ರ, ಮೇಯರ್ ಒಬ್ಬರೇ ತಮ್ಮ ಹೆಸರಿನಲ್ಲಿ ಬಂದರೆ ಆಗದು ಎಂದಿತು ಪೀಠ. ವಿಸರ್ಜನೆಯಾದ ಸಭೆ ಯಾವ ಬಾಯಿಂದ ದೂರಬೇಕು ಎಂಬುದು ನಮ್ಮಂಥವರಿಗೆ ಹೊಳೆಯುವ ಪ್ರಶ್ನೆ. ಕಾನೂನು ಪಂಡಿತರೂ ತೀರ್ಪಿನ ಈ ಭಾಗವನ್ನು ಸಾಕಷ್ಟು ಟೀಕಿಸಿದ್ದಾರೆ.

ಆ ತೀರ್ಪಿನ ಮೊದಲ ಭಾಗ ಮಾತ್ರ ಭಾರತಕ್ಕೆ ದಾಟಿತು. 1980ರ ಜನವರಿಯಲ್ಲಿ ಇಂದಿರಾ ಗಾಂಧಿ ಮತ್ತೆ ಪ್ರಧಾನಿಯಾದರು. ಫೆಬ್ರವರಿ 27ರಂದು ಲೆಫ್ಟಿನೆಂಟ್ ಗವರ್ನರ್ ಜಗಮೋಹನ್ ನವದೆಹಲಿ ಪುರಸಭಾ ಸಮಿತಿಯನ್ನು ಸೂಪರ್‌ಸೀಡ್ ಮಾಡಿದರು. ಸದಸ್ಯರೆಲ್ಲ ನಾಮನಿರ್ದೇಶಿತರು, ಅವರ ಅವಧಿ ಅಕ್ಟೋಬರ್ 3ರವರೆಗೆ ಇತ್ತು. ಇಲ್ಲೂ ನೋಟಿಸ್ ಇಲ್ಲ. ದೆಹಲಿ ಹೈಕೋರ್ಟಿನಲ್ಲಿ ಸದಸ್ಯರಿಗೆ ಸೋಲಾಯಿತು. ಸುಪ್ರೀಂ ಕೋರ್ಟಿನಲ್ಲಿ ಸರ್ಕಾರದ ಕಡೆಯವರು, ಕೇಳಿದ್ದರೂ ಏನೂ ಬದಲಾಗುತ್ತಿರಲಿಲ್ಲ, ದಾಖಲೆಗಳೇ ಎಲ್ಲ ಹೇಳುತ್ತವೆ ಎಂದರು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಒಪ್ಪಲಿಲ್ಲ. ಕೇಳದೇ ಇರುವುದೇ ಒಂದು ಅನ್ಯಾಯ, ಅದರಿಂದ ಬೇರೆ ನಷ್ಟವಾಯಿತೆಂದು ತೋರಿಸಬೇಕಿಲ್ಲ ಎಂದು ಬರೆದರು. ಆದೇಶ ಕಾನೂನುಬಾಹಿರ ಎಂದು ತೀರ್ಪಾದದ್ದು ಸೆಪ್ಟೆಂಬರ್ 18ರಂದು. ಅವಧಿ ಮುಗಿಯಲು ಉಳಿದದ್ದು ಹದಿನೈದು ದಿನ. ಹಾಗಾಗಿ ಕೋರ್ಟ್ ಆದೇಶ ತಪ್ಪೆಂದು ಸಾರಿ ಅಷ್ಟಕ್ಕೇ ನಿಲ್ಲಿಸಿತು, ಸದಸ್ಯರನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಲಿಲ್ಲ.

ನಾಮನಿರ್ದೇಶಿತರಿಗೆಲ್ಲ ಇದು ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಉತ್ತರ ಪ್ರದೇಶದ ಶಹಜಹಾನ್‌ಪುರ ನಗರಪಾಲಿಕೆಗೆ ಸರ್ಕಾರ ಇಬ್ಬರು ಮಹಿಳೆಯರನ್ನು ನಾಮಕರಣ ಮಾಡಿತ್ತು. ಸರ್ಕಾರಕ್ಕೆ ಇಷ್ಟವಿರುವಷ್ಟು ದಿನ ಮಾತ್ರ ಅವರು ಸದಸ್ಯರು ಎಂದು ಅಲ್ಲಿನ ಕಾನೂನಿನಲ್ಲೇ ಇತ್ತು. ಅವರನ್ನು ತೆಗೆದದ್ದು ಸರಿ ಎಂದು 1993ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮಗೆ ತಿಳಿದ ಮಟ್ಟಿಗೆ ವ್ಯತ್ಯಾಸ ಇಷ್ಟು: ದೆಹಲಿಯಲ್ಲಿ ಅಯೋಗ್ಯತೆ, ಕರ್ತವ್ಯಲೋಪದಂಥ ತಪ್ಪು ಹೊರಿಸಿಯೇ ತೆಗೆಯಬೇಕಿತ್ತು, ತಪ್ಪು ಹೊರಿಸಿದ ಮೇಲೆ ಉತ್ತರವನ್ನೂ ಕೇಳಬೇಕು. ಶಹಜಹಾನ್‌ಪುರದಲ್ಲಿ ತಪ್ಪು ಹೊರಿಸುವ ಅಗತ್ಯವೇ ಇರಲಿಲ್ಲ. ಸರ್ಕಾರ ಬದಲಾದಾಗ ನಿಗಮ ಮಂಡಳಿಗಳ ಅಧ್ಯಕ್ಷರು ತಾವಾಗಿಯೇ ರಾಜೀನಾಮೆ ಕೊಡುವುದನ್ನು ನೋಡಿದಾಗ ನಮಗೆ ಆ ಇಬ್ಬರು ನೆನಪಾಗುತ್ತಾರೆ.

ಅದೇ 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ, ಪುರಸಭೆಯನ್ನು ವಿಸರ್ಜಿಸುವ ಮೊದಲು ಅದರ ಮಾತು ಕೇಳಬೇಕು ಎಂದು ಸಂವಿಧಾನದಲ್ಲೇ ಬರೆಯಿತು. 243ಯು ವಿಧಿಯಲ್ಲಿ ಅದು ಇದೆ. ಪಂಚಾಯಿತಿಗಳ 243ಇ ವಿಧಿ ಹೆಚ್ಚುಕಡಿಮೆ ಅದರ ಅಚ್ಚೇ. ವಿಸರ್ಜನೆಯಾದರೆ ಆರು ತಿಂಗಳೊಳಗೆ ಚುನಾವಣೆ ಎಂಬುದು ಎರಡರಲ್ಲೂ ಇದೆ. ಕೇಳಬೇಕು ಎಂಬ ಆ ಒಂದು ಸಾಲು ಮಾತ್ರ ಪಂಚಾಯಿತಿಯ ವಿಧಿಯಲ್ಲಿಲ್ಲ. ಆದರೆ 1980ರಲ್ಲಿ ದೆಹಲಿಯ ಸಮಿತಿಯನ್ನು ಸೂಪರ್‌ಸೀಡ್ ಮಾಡಿದ 1911ರ ಪಂಜಾಬ್ ಪುರಸಭಾ ಕಾಯ್ದೆಯ ಕಲಮಿನಲ್ಲೂ ಆ ಸಾಲು ಇರಲಿಲ್ಲ.