ಪೊರೆ ಶಸ್ತ್ರಚಿಕಿತ್ಸೆಯ ಛೇದನ ಮತ್ತು ಅಸ್ಟಿಗ್ಮ್ಯಾಟಿಸಂ: ಗಾಯದ ಜಾಗದ ಪ್ರಶ್ನೆ

ಕಣ್ಣಿನ ಪೊರೆ ತೆಗೆದು ಸರಿಯಾದ ಪವರಿನ ಕೃತಕ ಮಸೂರ ಕೂರಿಸಿದ ಮೇಲೂ ಕೆಲವರಿಗೆ ಕನ್ನಡಕವಿಲ್ಲದೆ ಅಕ್ಷರಗಳು ಸ್ಪಷ್ಟವಾಗುವುದಿಲ್ಲ. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಕಾರ್ನಿಯಾದ ಅಸ್ಟಿಗ್ಮ್ಯಾಟಿಸಂ, ಅಂದರೆ ಉದ್ದ ಮತ್ತು ಅಡ್ಡ ಅಕ್ಷಗಳಲ್ಲಿ ಕಾರ್ನಿಯಾದ ಬಾಗು ಬೇರೆ ಬೇರೆಯಾಗಿರುವುದು. ಅದರಲ್ಲಿ ಒಂದು ಪಾಲು ಮೊದಲೇ ಇದ್ದದ್ದು, ಇನ್ನೊಂದು ಪಾಲು ಛೇದನದಿಂದ ಬಂದದ್ದು.

ಛೇದನ ತಾನಿರುವ ಅಕ್ಷವನ್ನು ಚಪ್ಪಟೆ ಮಾಡುತ್ತದೆ; ಅದಕ್ಕೆ 90 ಡಿಗ್ರಿಯಲ್ಲಿರುವ ಅಕ್ಷ ಕಡಿದಾಗುತ್ತದೆ. ಬಿಗಿಯಾದ ಹೊಲಿಗೆಯ ಪರಿಣಾಮ ಇದಕ್ಕೆ ತದ್ವಿರುದ್ಧ. 10–12 ಮಿ.ಮೀ. ಗಾಯ ಹೊಲಿಯುತ್ತಿದ್ದ ಕಾಲದಲ್ಲಿ ಈ ಏರುಪೇರು ದೊಡ್ಡದಿತ್ತು. ಈಗ ಅಲ್ಟ್ರಾಸೌಂಡಿನಿಂದ ಪೊರೆ ಒಡೆದು ಹೀರುವ ಫೇಕೋದಲ್ಲಿ ಗಾಯ 2.2ರಿಂದ 2.8 ಮಿ.ಮೀ.ಗೆ ಇಳಿದಿದೆ. ಆದರೆ ಭಾರತದ ಶಿಬಿರಗಳ ರೋಗಿಗಳಿಗೆ ಹೆಚ್ಚಾಗಿ ಮಾಡುವ ಸಣ್ಣ ಛೇದನದ ಶಸ್ತ್ರಚಿಕಿತ್ಸೆಯಾದ ಎಸ್‌ಐಸಿಎಸ್‌ನಲ್ಲಿ ಅದು ಇಂದಿಗೂ ಸುಮಾರು 6 ಮಿ.ಮೀ. ಆದ್ದರಿಂದ ಜಾಗದ ಪ್ರಶ್ನೆಗೆ ತೂಕ ಹೆಚ್ಚಿರುವುದು ಇಲ್ಲಿಯೇ.

ರೂಢಿಯಲ್ಲಿ ಗಾಯ ಮಾಡುವುದು ಮೇಲ್ಭಾಗದಲ್ಲಿ. ವೈದ್ಯರು ರೋಗಿಯ ತಲೆಯ ಕಡೆ ಕೂರುತ್ತಾರೆ, ರೆಪ್ಪೆ ಗಾಯವನ್ನು ಮುಚ್ಚುತ್ತದೆ; ಅನುಕೂಲ ನಿಜವೇ. ಆದರೆ ವಯಸ್ಸಾದಂತೆ ಬಹಳಷ್ಟು ಜನರಲ್ಲಿ ಅಡ್ಡ ಅಕ್ಷವೇ ಕಡಿದಾಗುತ್ತ ಹೋಗುತ್ತದೆ. ಒಂದು ಲೆಕ್ಕ ನೋಡೋಣ. ಅಡ್ಡ ಅಕ್ಷದಲ್ಲಿ 44, ಉದ್ದ ಅಕ್ಷದಲ್ಲಿ 43 ಡಯಾಪ್ಟರ್ ಇದೆಯೆನ್ನಿ. ಮೇಲಿನ ಛೇದನ ಉದ್ದ ಅಕ್ಷವನ್ನು ಅರ್ಧ ಡಯಾಪ್ಟರ್ ಇಳಿಸಿ ಅಡ್ಡ ಅಕ್ಷವನ್ನು ಅಷ್ಟೇ ಏರಿಸಿದರೆ 1 ಡಯಾಪ್ಟರ್ ದೋಷ 2 ಆಗುತ್ತದೆ. ಅದೇ ಗಾಯ ಕಿವಿಯ ಕಡೆಗಿದ್ದು ಕಾಲು ಕಾಲು ಡಯಾಪ್ಟರ್ ಬದಲಿಸಿದರೂ ದೋಷ ಅರ್ಧಕ್ಕಿಳಿಯುತ್ತದೆ. ಕಾರ್ನಿಯಾದ ಅಗಲ ಎತ್ತರಕ್ಕಿಂತ ಸುಮಾರು 1 ಮಿ.ಮೀ. ಹೆಚ್ಚಿರುವುದರಿಂದ ಆ ಬದಿಯ ಗಾಯ ದೃಷ್ಟಿಯ ಕೇಂದ್ರದಿಂದ ದೂರವೂ ಉಳಿಯುತ್ತದೆ. ಕುರ್ಚಿ, ಮೈಕ್ರೋಸ್ಕೋಪು ಸರಿಸುವ ತೊಂದರೆ ಈ ಲಾಭದ ಮುಂದೆ ಸಣ್ಣದೆಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಎಲ್ಲರಿಗೂ ಕಿವಿಯ ಬದಿಯೇ ಸರಿ ಎಂದಲ್ಲ. ಉದ್ದ ಅಕ್ಷ ಕಡಿದಾಗಿರುವ ಕಣ್ಣಿಗೆ ಮೇಲಿನ ಛೇದನವೇ ಹಿತ.

ಫಲಿತಾಂಶ ಅಳೆಯುವಲ್ಲೂ ಎಚ್ಚರ ಬೇಕು. ಅಸ್ಟಿಗ್ಮ್ಯಾಟಿಸಂಗೆ ಪ್ರಮಾಣದ ಜೊತೆ ದಿಕ್ಕೂ ಇದೆ. ಇಬ್ಬರಲ್ಲಿ ಒಂದೊಂದು ಡಯಾಪ್ಟರ್ ಬದಲಾವಣೆ ಒಂದಕ್ಕೊಂದು 90 ಡಿಗ್ರಿಯಲ್ಲಿರುವ ಅಕ್ಷಗಳಲ್ಲಿ ಆದರೆ, ಬರೀ ಪ್ರಮಾಣದ ಸರಾಸರಿ 1. ವೆಕ್ಟರ್ ಸರಾಸರಿ ಸೊನ್ನೆ. ನೇತ್ರವೈದ್ಯರಾದ ಜಾಫೆ ಮತ್ತು ಕ್ಲೇಮನ್ 1975ರಲ್ಲೇ ವೆಕ್ಟರ್ ವಿಶ್ಲೇಷಣೆಯ ದಾರಿ ತೋರಿಸಿದ್ದರು. ಅಕ್ಷವನ್ನು ಹೇಳದ ವರದಿಯಿಂದ ಅಸ್ಟಿಗ್ಮ್ಯಾಟಿಸಂ ಸರಿಪಡಿಸುವ ಟೋರಿಕ್ ಲೆನ್ಸ್ ಲೆಕ್ಕಕ್ಕೆ ಉಪಯೋಗವಿಲ್ಲ.

ಗಾಯದ ಜಾಗ ಆರಿಸಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ಮಸೂರದ ಪವರ್ ಲೆಕ್ಕಕ್ಕೆಂದು, ಕಾರ್ನಿಯಾದ ಬಾಗು ತೋರಿಸುವ ಕೆರಟೋಮೀಟರ್ ಅಳತೆಯನ್ನು ಹೇಗೂ ತೆಗೆದಿರುತ್ತೇವೆ. ಕಡಿದಾದ ಅಕ್ಷ ಯಾವುದೆಂದು ಕೇಸ್ ಶೀಟಿನಲ್ಲಿ ಬರೆದು, ಬ್ಲೇಡು ಹಿಡಿಯುವ ಮುನ್ನ ಅದನ್ನೊಮ್ಮೆ ನೋಡಬೇಕೆಂದು ಶಿಬಿರಗಳಲ್ಲಿ ದುಡಿಯುವ ಸಹೋದ್ಯೋಗಿಗಳನ್ನು ಕೋರುತ್ತೇನೆ.