ಚಿತ್ರದುರ್ಗ ಶಿಲಾಪಟ್ಟಿಯಲ್ಲಿ ಆದಿಜೀವಿಗಳ ಕುರುಹು: ಅಧ್ಯಯನದ ಇತಿಹಾಸ

ಐಮಂಗಲದ ಸುತ್ತಿನ ಸೀಮೆ, ಅಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ನೆಲ, ಭೂಮಿಯ ಅತಿ ಹಳೆಯ ಜೀವಕ್ಕೆ ಸಾಕ್ಷಿಯೆಂದು ಪರಿಗಣಿಸಲಾದ ಎರಡು ಬಗೆಯ ಶಿಲೆಗಳನ್ನು ಒದಗಿಸಿದೆ: ವಾಣಿವಿಲಾಸ ಸ್ತರದ ಸುಣ್ಣಶಿಲೆ ಮತ್ತು ಘಟ್ಟಿಹೊಸಹಳ್ಳಿಯ ಬೆರೈಟ್. ಇವೆರಡನ್ನೂ ಒಂದೇ ಕಾಲದವೆಂದು ಭಾವಿಸಿದರೆ ಇಡೀ ಕಥೆ ಕಲಸಿಹೋಗುತ್ತದೆ. ಮೊದಲನೆಯದು ಸುಮಾರು 260ರಿಂದ 270 ಕೋಟಿ ವರ್ಷ ಹಿಂದಿನದು. ಎರಡನೆಯದು ಸರಗೂರು ಶಿಲಾಸಮೂಹಕ್ಕೆ ಸೇರಿದ್ದು, 300 ಕೋಟಿ ವರ್ಷಕ್ಕೂ ಹಳೆಯದು.

ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಚಿತ್ರದುರ್ಗದಂಥ ಶಿಲಾಪಟ್ಟಿಗಳಿಗೆ ‘ಧಾರವಾಡ’ ಎಂಬ ಹೆಸರು ಕೊಟ್ಟರು. 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಹುಟ್ಟಿತು. ಅದರ ನಿರ್ದೇಶಕರಾಗಿದ್ದ ಡಬ್ಲ್ಯು. ಎಫ್. ಸ್ಮೀತ್ ಈ ಶಿಲೆಗಳು ಬಹುಪಾಲು ಅಗ್ನಿಶಿಲೆಗಳ ರೂಪಾಂತರವೆಂದೇ ನಂಬಿದ್ದರು. ಆ ಮಾತು ನಿಂತಿದ್ದರೆ ಇಲ್ಲಿ ಜೀವದ ಕುರುಹನ್ನು ಹುಡುಕುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಬಿ. ರಾಮರಾವ್ ಮೊದಲಾದವರು ಇವುಗಳಲ್ಲಿ ನೀರಿನಡಿ ಶೇಖರವಾದ ಪದರಗಳನ್ನು ಗುರುತಿಸಿದ ಮೇಲೆಯೇ ದಾರಿ ತೆರೆಯಿತು.

1980ರ ದಶಕದಲ್ಲಿ ಸಂಡೂರು, ದೊಡ್ಡಗುಣಿಗಳಿಂದ ಸ್ಟ್ರೊಮ್ಯಾಟೊಲೈಟ್ ವರದಿಗಳು ಬಂದವು. 1989ರಲ್ಲಿ ಆರ್. ಶ್ರೀನಿವಾಸನ್, ಎಂ. ಶುಕ್ಲ, ಎಸ್. ಎಂ. ನಕ್ವಿ ಮತ್ತಿತರರು ಚಿತ್ರದುರ್ಗ ಪಟ್ಟಿಯ ಸ್ಟ್ರೊಮ್ಯಾಟೊಲೈಟ್‌ಗಳನ್ನು ವಿವರಿಸಿದರು. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಅಂಟುಚಾಪೆ ಕೆಸರಿನ ಕಣಗಳನ್ನು ಹಿಡಿದಿಟ್ಟು, ಪದರದ ಮೇಲೆ ಪದರ ಕೂಡಿ ಗುಮ್ಮಟದಂತೆ ಉಬ್ಬಿದ ರಚನೆಗಳಿವು. ಇವನ್ನು ಕಟ್ಟಿದ್ದು ಸಯನೋಬ್ಯಾಕ್ಟೀರಿಯಾ ಆಗಿದ್ದರೆ, ವಾತಾವರಣದಲ್ಲಿ ಆಮ್ಲಜನಕ ನೆಲೆನಿಂತ ಸುಮಾರು 240 ಕೋಟಿ ವರ್ಷಗಳ ಹಿಂದಿನ ಘಟ್ಟಕ್ಕೂ ಮೊದಲೇ ಇಲ್ಲಿ ಅದರ ತಯಾರಿಕೆ ನಡೆದಿತ್ತೆಂದಾಗುತ್ತದೆ. ಐಮಂಗಲದ ಹೊಲದ ಶೇಂಗಾ ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಕೂಡ ಅದೇ ಬ್ಯಾಕ್ಟೀರಿಯಾ ವಂಶದ್ದು. ಹಾಗಾಗಿ ಈ ವಾದ ಸಸ್ಯಗಳ ಜೀವರಸಾಯನದ ಮೂಲಕ್ಕೂ ತಾಗುತ್ತದೆ. ಆದರೆ 1996ರಲ್ಲಿ ಗ್ರೊಟ್ಜಿಂಗರ್ ಮತ್ತು ರೋತ್‌ಮನ್, ಜೀವಿಗಳ ನೆರವಿಲ್ಲದೆಯೂ ಇಂಥ ಗುಮ್ಮಟಗಳು ಮೂಡಬಲ್ಲವೆಂದು ಗಣಿತದ ಮಾದರಿಯಿಂದ ತೋರಿಸಿದರು. ಅಲ್ಲಿಂದಾಚೆಗೆ ಬರೀ ಆಕಾರ ಪುರಾವೆಯಾಗಿ ಸಾಲದು.

ಬೆರೈಟ್‌ನದು ಇನ್ನೂ ತೊಡಕಿನ ಚರಿತ್ರೆ. ಹಸಿರು ಅಭ್ರಕ ಬೆರೆತ ಬೆಣಚುಶಿಲೆಯ ನಡುವೆ ಪದರಗಳಾಗಿ ಕೂತ ಈ ಖನಿಜವನ್ನು ಬಿ. ಪಿ. ರಾಧಾಕೃಷ್ಣ ಮತ್ತು ಶ್ರೀನಿವಾಸಯ್ಯ 1974ರಲ್ಲಿ ವರ್ಣಿಸಿದರು. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ, ನೀರಿನ ಸುಮಾರು ನಾಲ್ಕೂವರೆ ಪಟ್ಟು. ಆಮ್ಲದ ಹನಿ ಬಿಟ್ಟರೆ ಸುಣ್ಣಶಿಲೆಯಂತೆ ನೊರೆಯೇಳುವುದಿಲ್ಲ. ಇದು ಬೇರಿಯಂ ಸಲ್ಫೇಟ್. ಸಲ್ಫೇಟ್ ಆಗಲು ಗಂಧಕಕ್ಕೆ ಆಮ್ಲಜನಕ ಕೂಡಬೇಕು. ವಾತಾವರಣದಲ್ಲಿ ಆಮ್ಲಜನಕವೇ ಇಲ್ಲದ ಕಾಲದಲ್ಲಿ ಈ ಸಲ್ಫೇಟ್ ಬಂದದ್ದೆಲ್ಲಿಂದ? ಬೆಳಕನ್ನು ಬಳಸಿ ಗಂಧಕವನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಾಗಳಿಂದ ಎಂಬುದು ಒಂದು ಸಾಧ್ಯತೆ.

ಈ ಚರ್ಚೆಯ ದಿಕ್ಕು ಬದಲಿಸಿದ್ದು 2000ದಲ್ಲಿ ಫಾರ್ಕರ್, ಬಾವ್ ಮತ್ತು ತೀಮೆನ್ಸ್ ಪ್ರಕಟಿಸಿದ ಗಂಧಕದ ಸಮಸ್ಥಾನಿಗಳ ಅಧ್ಯಯನ. ಓಜೋನ್ ಪರದೆಯಿಲ್ಲದ ಆಕಾಶದಲ್ಲಿ ಸೂರ್ಯನ ನೇರಳಾತೀತ ಕಿರಣಗಳು ಜ್ವಾಲಾಮುಖಿಯ ಸಲ್ಫರ್ ಡೈಆಕ್ಸೈಡನ್ನು ಒಡೆದಾಗ ಉಳಿಯುವ ಅಸಹಜ ಅನುಪಾತ ಪ್ರಾಚೀನ ಶಿಲೆಗಳಲ್ಲಿ ಸಿಕ್ಕಿತು. 320 ಮತ್ತು 350 ಕೋಟಿ ವರ್ಷ ಹಳೆಯ ಸಲ್ಫೇಟ್‌ಗಳ ಮೇಲೆ 2016ರಲ್ಲಿ ಪ್ರಕಟವಾದ ಅಳತೆಗಳೂ ಜ್ವಾಲಾಮುಖಿ ಹೊಗೆಯಲ್ಲಿ ನಡೆದ ಬೆಳಕಿನ ರಸಾಯನಕ್ರಿಯೆಯತ್ತ ಬೆರಳು ಮಾಡಿದವು. ಹೀಗಾಗಿ ಸಲ್ಫೇಟ್ ಕಂಡ ಮಾತ್ರಕ್ಕೆ ಜೀವವಿತ್ತೆನ್ನಲು ಬರುವುದಿಲ್ಲ. ಘಟ್ಟಿಹೊಸಹಳ್ಳಿಯ ಬೆರೈಟ್‌ಗೆ ಇಂದಿರುವ ಮಹತ್ವ, ಅದು ಅಂದಿನ ಆಕಾಶದ ದಾಖಲೆಯೂ ಆಗಬಲ್ಲುದು ಎಂಬುದರಲ್ಲಿದೆ.

ಗಂಧಕದ ಸಂಯುಕ್ತ ಜೀವದ ಗುರುತಾಗಬಲ್ಲುದೇ ಎಂಬ ಇದೇ ಪ್ರಶ್ನೆಯನ್ನು ಖಗೋಳಶಾಸ್ತ್ರ ಈಗ ದೂರದ ಗ್ರಹಗಳಿಗೆ ಕೇಳುತ್ತಿದೆ. ಸುಮಾರು 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಗಂಧಕ ಸಂಯುಕ್ತ ಇರಬಹುದೆಂದು, ಜೇಮ್ಸ್ ವೆಬ್ ದೂರದರ್ಶಕದ ದತ್ತಾಂಶದಿಂದ ನಿಕ್ಕು ಮಧುಸೂದನ್ ಅವರ ಕೇಂಬ್ರಿಜ್ ತಂಡ 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಭೂಮಿಯ ಮೇಲೆ ಡೈಮೀಥೈಲ್ ಸಲ್ಫೈಡ್ ಮುಖ್ಯವಾಗಿ ಕಡಲಿನ ಪಾಚಿ, ಸೂಕ್ಷ್ಮಜೀವಿಗಳಿಂದ ಹೊಮ್ಮುವ ಅನಿಲ. ಅದೇ ದತ್ತಾಂಶವನ್ನು ಮತ್ತೆ ಪರಿಶೀಲಿಸಿದ ಇತರ ತಂಡಗಳು ಸಂಕೇತ ದುರ್ಬಲವೆಂದಿವೆ. ಜೀವವೇ ಇಲ್ಲದ 67ಪಿ ಧೂಮಕೇತುವಿನಲ್ಲಿಯೂ ಈ ಅನಿಲದ ಸುಳಿವು ದೊರೆತಿದೆಯೆಂದು 2024ರಲ್ಲಿ ವರದಿಯಾಯಿತು.